ಸರಸ್ವತಿ ಪೂಜೆಗೆ ಕೂತ ನರಿ

ಊಟ ಬಲ್ಲವನಿಗೆ ಜಗಳವಿಲ್ಲ, ಮಾತು ಬಲ್ಲವನಿಗೆ ರೋಗ ತಪ್ಪಿದ್ದಲ್ಲ. ಗಾದೆಯನ್ನು ಹೀಗೆ ತಿರುಚಿದ್ದಕ್ಕೆ ಹಿರಿಯರು ಕ್ಷಮಿಸಲಿ. ಗಾದೆ ಸುಳ್ಳಾದರೂ ಕಥೆ ಮಾತ್ರ ಅಕ್ಷರಶಃ ನಿಜ. ಅಕ್ಷರಕ್ಕೇ ಗಂಧ ಹಚ್ಚಿ ಪೂಜೆ ಮಾಡಿದ ಮನೆಯಲ್ಲಿ ನಡೆದದ್ದು, ಸುಳ್ಳಾಗುವುದಾದರೂ ಹೇಗೆ?

"ದನಿ ಹುಡುಕಿ ಕೊಡ್ರಿ ಸರ, ಸಾಕು," ಎಂದರು ವಕೀಲರ ಪಡಸಾಲೆಯಲ್ಲಿ ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ಕೊಟ್ರಯ್ಯ. "ಮಾಲು ನಾ ಹುಡುಕ್ತೀನಿ."

ಪುರಂದರ ತಲೆಯಾಡಿಸಿದ. ಹೊಸಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ, ಗಣೇಶನ ಪೆಂಡಾಲಿನಲ್ಲಿ ಮಂತ್ರಿಯಿಂದ ಮೇಕೆಯವರೆಗೆ ಎಲ್ಲರ ದನಿ ತೆಗೆಯುವ, ಬಿಡುವಾದಾಗ ಪೊಲೀಸರಿಗೆ ಪತ್ತೇದಾರಿಕೆಯಲ್ಲಿ ಕೈಜೋಡಿಸುವ ಈ ಪುರಂದರನಿಗೆ ಆ ಬೆಳಿಗ್ಗೆ ಗಂಟಲಲ್ಲಿ ಸ್ವಂತ ದನಿಯೂ ಉಳಿದಿರಲಿಲ್ಲ.

ಯಾಕೆಂದರೆ ಕೊಟ್ರಯ್ಯನವರು ಹುಡುಕುತ್ತಿದ್ದ ದನಿ ಅವನದೇ.

ಹಿಂದಿನ ದಿನ, ವಿಜಯದಶಮಿಯ ಸಂಜೆ, ವಕೀಲ ತಿರುಮಲರಾಯರು ಪೂಜೆಗಿಟ್ಟ ಪುಸ್ತಕಗಳ ಮೇಲಿನ ರೇಷ್ಮೆ ವಸ್ತ್ರ ಸರಿಸಿದಾಗ, ಅವರ ಪ್ರಾಣದಂಥ ಫ್ರೆಂಚ್ ನೀತಿಕಥೆಗಳ ಸಚಿತ್ರ ಪುಸ್ತಕದ ಜಾಗದಲ್ಲಿ ಒಂದು ಹಳೇ ಕಾನೂನು ವರದಿ ಗಂಧ ಹಚ್ಚಿಸಿಕೊಂಡು ಕೂತಿತ್ತು. ರಾಯರು ಕೂಗಿದ ಕೂಗಿಗೂ, ಬನ್ನಿ ಕೊಡಲು ಬಂದ ಕೊಟ್ರಯ್ಯನವರು ಹೊಸ್ತಿಲು ದಾಟುವುದಕ್ಕೂ ಸರಿಹೋಯಿತು. ಬಂಗಾರ ಕೊಡಲು ಬಂದವರು ಆಳುಮಗ ಎರ್ರೆಪ್ಪನನ್ನು ಕರೆದುಕೊಂಡು ಹೋದರು.

"ಫೋನಿನ್ಯಾಗ ಮಾತಾಡಿದವ ಯಾರಂತ ಗೊತ್ತಾದ್ರ ಮುಗೀತು," ಕೊಟ್ರಯ್ಯ ಬೆರಳು ಮಡಚುತ್ತ ಹೇಳಿದರು. "ಫ್ರಾನ್ಸಿನ್ಯಾಂವ ಅಂತ ಹೇಳಿ ವಕೀಲರನ್ನ ಹಂಪಿಗೆ ಓಡಿಸ್ಯಾನ. ಅಲ್ಲಿ ಯಾರೂ ಇಲ್ಲ. ಇವರು ಬರೂದ್ರಾಗ ಇಲ್ಲಿ ಎರ್ರೆಪ್ಪ ಒಳಗ ಹೊಕ್ಕು ಪುಸ್ತಕ ಬದಲಿ ಮಾಡ್ಯಾನ. ಇಬ್ಬರೂ ಕೂಡೇ ಮಾಡಿದ ಕೆಲಸ. ಆದ್ರ ಆ ಮಗ ಬಾಯಿ ಬಿಡವಲ್ಲ."

"ಹೊಡದ್ರೇನ್ರಿ?" ಎಂದ ಪುರಂದರ.

"ಇನ್ನೂ ಇಲ್ಲ. ಹಬ್ಬ ಐತಿ ಅಂತ ಬಿಟ್ಟಿದ್ದೆ." ಕೊಟ್ರಯ್ಯ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಹಬ್ಬ ನಿನ್ನೆಗೆ ಮುಗೀತಲ್ರಿ."

ಹಿತ್ತಿಲಲ್ಲಿ ಆಕಳು ಅಂಬಾ ಎಂದಿತು. ಎರ್ರೆಪ್ಪನ ಕೈಗೆ ಬಿಟ್ಟು ಇನ್ನಾರ ಕೈಗೂ ಹಾಲು ಕೊಡದ ಆಕಳು. ನಿನ್ನೆ ಸಂಜೆಯಿಂದ ಕೆಚ್ಚಲು ತುಂಬಿಕೊಂಡು ನಿಂತಿದೆ. ಮನೆಯಲ್ಲಿ ಏಕಾದಶಿ, ಯಾರಿಗೂ ಹಾಲು ಬೇಕಾಗಿರಲಿಲ್ಲ. ಆಕಳಿಗೆ ಏಕಾದಶಿಯ ಲೆಕ್ಕ ಯಾರು ಹೇಳಬೇಕು?

ಪುರಂದರ ಎದುರಿಗೆ ಕೂತ ರಾಯರನ್ನು ನೋಡಲಾರದೆ ಗೋಡೆಯ ಗಾಜಿನ ಬೀರುವನ್ನು ನೋಡಿದ.

ಅಲ್ಲೇ ಇದ್ದವು ಉಳಿದ ಫ್ರೆಂಚ್ ಪುಸ್ತಕಗಳು. ರಾಯರಿಗೆ ಫ್ರೆಂಚಿನ ಒಂದು ಅಕ್ಷರ ಬರುತ್ತಿರಲಿಲ್ಲ. ಅಣೆಕಟ್ಟು ಕಟ್ಟುವ ಕಾಲದಲ್ಲಿ ಬಂದಿದ್ದ ಪರದೇಶಿ ಇಂಜಿನಿಯರೊಬ್ಬ ಊರು ಬಿಡುವಾಗ ಮನೆ ಸಾಮಾನು ಹರಾಜು ಹಾಕಿದ. ರಾಯರು ಹೋದದ್ದು ಮೇಜಿನ ಫ್ಯಾನಿಗೆ, ತಂದದ್ದು ಪುಸ್ತಕದೊಳಗಿನ ನರಿಯನ್ನು. ಆ ಪುಸ್ತಕದ ನರಿ, ಕಾಗೆ, ಸಿಂಹ, ಕಪ್ಪೆಗಳ ಚಿತ್ರ ನೋಡಿ ಹುಚ್ಚು ಹತ್ತಿತು. ಅಲ್ಲಿಂದ ಮುಂದೆ ಕಾಲುವೆ ನೀರಿನ ವ್ಯಾಜ್ಯಗಳಲ್ಲಿ ಗಳಿಸಿದ್ದೆಲ್ಲ ಪಾಂಡಿಚೇರಿಯ ಹಳೇ ಪುಸ್ತಕದಂಗಡಿಗೆ ಹರಿಯಿತು. ಗದ್ದೆಗೆ ನೀರು ಹರಿಸಿದವರು, ಮನೆಗೆ ನರಿ ಹರಿಸಿಕೊಂಡರು.

ಕಳೆದುಹೋದದ್ದು ಹರಾಜಿನ ಆ ನರಿಯೇ, ಅವೆಲ್ಲಕ್ಕೂ ಹಿರಿಯದು. ಇನ್ನೂರು ವರ್ಷದ ಹಿಂದಿನ ಮುದ್ರಣ. ತಾಮ್ರದ ತಗಡಿನ ಮೇಲೆ ಕೊರೆದು ಒತ್ತಿದ ಚಿತ್ರ, ಅದಕ್ಕೆ ಕೈಯಿಂದಲೇ ಹಚ್ಚಿದ ಬಣ್ಣ, ಹಾಳೆಗಳ ಅಂಚಿಗೆ ಬಂಗಾರದ ನೀರು. ಕೊಂಬೆಯ ಮೇಲೆ ಕಾಗೆ, ಕೆಳಗೆ ಬಾಯಿ ನೀರೂರಿಸಿಕೊಂಡ ನರಿ. ಕಾಗೆಯ ಬಾಯಲ್ಲಿರುವುದು ಏನೆಂದು ಕೇಳಿದರೆ ರಾಯರು ಒಬ್ಬರಿಗೆ ಹೋಳಿಗೆ ಎನ್ನುತ್ತಿದ್ದರು, ಇನ್ನೊಬ್ಬರಿಗೆ ಬೆಣ್ಣೆಯುಂಡಿ. ಏಕಾದಶಿಯ ದಿನ ಬಂದವರಿಗೆ ಬಾಳೆಹಣ್ಣು.

ಈ ಹುಚ್ಚಿನ ಮೇಲೆಯೇ ಪುರಂದರನ ಕಣ್ಣು ಬಿದ್ದಿತ್ತು.

ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಹೊಸಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟ ಗವಿಸಿದ್ದಪ್ಪ ಅವನ ಗೆಳೆಯ. ಗವಿಸಿದ್ದಪ್ಪನಿಗೂ ಆ ನರಿ ಪುಸ್ತಕದ ಮೇಲೆ ಆಸೆ. ಓದುವುದಕ್ಕಲ್ಲ, ಹೊಸ ಬಂಗಲೆಯಲ್ಲಿ ರೇಡಿಯೋಗ್ರಾಂ ಪಕ್ಕ ಇಡುವುದಕ್ಕೆ. ಎಷ್ಟು ಸಲ ಕೇಳಿದರೂ ರಾಯರು ಕೊಟ್ಟಿರಲಿಲ್ಲ. ಪುಸ್ತಕಗಳನ್ನು ಪೂಜೆಗಿಟ್ಟ ದಿನ ಮಧ್ಯಾಹ್ನ ಗವಿಸಿದ್ದಪ್ಪನ ದಲಾಲಿ ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಕೂತಾಗ ಗವಿಸಿದ್ದಪ್ಪನೇ ಫೋನನ್ನು ಮುಂದೆ ದೂಡಿದ್ದ. "ವಕೀಲರಿಗೊಂದು ಮಜಾ ಮಾಡ್ರಿ."

ಪುರಂದರ ಮಜಾ ಮಾಡಿದ. ಮೂಗಿನಿಂದ ಮಾತಾಡಿದ, ರಕಾರವನ್ನು ಗಂಟಲಲ್ಲಿ ಉಜ್ಜಿದ. ತಾನು ಪ್ಯಾರಿಸ್ಸಿನ ಮುಸ್ಯೂ ಪೊತಾಜ್, ನಿಮ್ಮ ಪುಸ್ತಕದ ಜೋಡಿ ನನ್ನ ಬಳಿಯಿದೆ, ಸಂಜೆಯೊಳಗೆ ಹಂಪಿಯ ಪುರಂದರ ಮಂಟಪಕ್ಕೆ ಬಂದರೆ ತೋರಿಸುವೆ ಎಂದ. ಮಂಟಪದ ಹೆಸರಿನಲ್ಲಿ ತನ್ನ ಹೆಸರನ್ನೇ ಇಟ್ಟಿದ್ದ, ರಾಯರು ಹೊಳೆದಂಡೆಯಲ್ಲಿ ಕಾದು ಕಾದು ಅದನ್ನು ನೋಡಿ ನಗಲಿ ಎಂದು. ಮರುದಿನ ತಾನೇ ಬಂದು ಹೇಳುವುದು, ಎಲ್ಲರೂ ನಗುವುದು, ರಾಯರ ಹೆಂಡತಿ ಗೋದಾಕಾಕು ಮಾಡಿದ ಚಕ್ಕುಲಿ ತಿನ್ನುವುದು. ಇಷ್ಟೇ ಲೆಕ್ಕ.

ಮರುದಿನ ಬಂದಾಗ ರಾಯರು ಹಂಪಿಯ ಮಾತನ್ನೇ ಎತ್ತಲಿಲ್ಲ. ಮುಖ ಬಿಗಿದುಕೊಂಡಿದ್ದರು. ಸೋತವರನ್ನು ಕೆಣಕಲು ಪುರಂದರನಿಗೆ ಧೈರ್ಯ ಸಾಲಲಿಲ್ಲ. ಚಕ್ಕುಲಿ ಮಾತ್ರ ತಿಂದು ಬಂದ.

ಈಗ ಆ ಚಕ್ಕುಲಿಯೆಲ್ಲ ಎದೆಯಲ್ಲಿ ಸುತ್ತುತ್ತಿತ್ತು.

"ಸರ, ಏನರ ಹೊಳೀತೇನ್ರಿ?" ಕೊಟ್ರಯ್ಯ ಕೇಳಿದರು. ನಡುನಡುವೆ ಅಡಿಗೆಮನೆಯ ಕಡೆ ಕಣ್ಣು ಹಾಯಿಸುತ್ತಿದ್ದರು. ಏಕಾದಶಿಯ ಮನೆಯಲ್ಲಿ ಕಾಫಿಯ ಆಸೆ ಬಿಡದ ಒಬ್ಬನೇ ಮನುಷ್ಯ.

"ಒಮ್ಮೆ ಆ ಕಾನೂನು ಪುಸ್ತಕ ನೋಡ್ತೀನಿ," ಎಂದ ಪುರಂದರ. ಎದ್ದು ಹೋಗಲು ಅದೊಂದು ನೆವ.

ದೇವರ ಮುಂದಿನ ಮಣೆಯ ಮೇಲೆ ಪುಸ್ತಕಗಳು ಇನ್ನೂ ಹಾಗೇ ಇದ್ದವು, ಪೊಲೀಸರು ಮುಟ್ಟಬಾರದೆಂದಿದ್ದರು. ಭಾಗವತ, ರಾಯರ ಕಾನೂನಿನ ಪುಸ್ತಕಗಳು, ಮಗಳು ಮದುವೆಯಾಗಿ ಹೋಗುವ ಮುಂಚೆ ಓದಿದ ಭೂಗೋಳ, ನಡುವೆ ಆ ಕಳ್ಳ ಕಾನೂನು ವರದಿ. ಮೂಲಾ ನಕ್ಷತ್ರದ ದಿನ ಬೆಳಿಗ್ಗೆ ಆವಾಹನೆ ಮಾಡಿ ವಸ್ತ್ರ ಹೊದಿಸಿದರೆ ಮುಗಿಯಿತು, ವಿಸರ್ಜನೆಯಾಗುವವರೆಗೆ ಆ ಮನೆಯಲ್ಲಿ ಯಾರೂ ಪುಸ್ತಕ ಮುಟ್ಟುವಂತಿಲ್ಲ, ತೆರೆಯುವಂತಿಲ್ಲ. ದಿನವೂ ಭೂತಗನ್ನಡಿ ಹಿಡಿದು ನರಿಯ ಮೀಸೆ ಎಣಿಸುವ ರಾಯರು ಕೂಡ ಆ ದಿನಗಳಲ್ಲಿ ಕೈ ಕಟ್ಟಿ ಕೂಡುತ್ತಿದ್ದರು.

ಪುರಂದರ ಬಗ್ಗಿದ. ಬಗ್ಗಿದವನು ಹಾಗೇ ಉಳಿದ.

ಪ್ರತಿ ಪುಸ್ತಕದ ರಟ್ಟಿನ ಮೇಲೂ ಒಂದೊಂದು ಬೊಟ್ಟು ಗಂಧ. ಗಂಧಕ್ಕೆ ಅಂಟಿದ ಅಕ್ಷತೆ. ಆ ಕಾನೂನು ವರದಿಯ ಮೇಲೂ ಅದೇ ಗಂಧ, ಅದೇ ಅಕ್ಷತೆ. ಒಣಗಿ, ಬಿರಿದು, ಉಳಿದವುಗಳ ಹಾಗೆಯೇ ಅಂಚು ಎದ್ದಿತ್ತು. ಉಗುರಿನಿಂದ ಕೆರೆದ. ಗಂಧ ರಟ್ಟಿನ ನೂಲಿನೊಳಗೆ ಇಳಿದಿತ್ತು.

ಹಸಿ ಗಂಧ ಈ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ಇಳಿಯುವುದು ಪೂಜೆಯ ಹೊತ್ತಿಗೆ ಮಾತ್ರ. ಈ ಪುಸ್ತಕ ಪೂಜೆ ಮಾಡಿಸಿಕೊಂಡಿದೆ. ಅಂದರೆ ಆವಾಹನೆಗೂ ಮುಂಚೆಯೇ ಬಂದು ಕೂತಿದೆ. ಫೋನ್ ಬಂದದ್ದು ಅದೇ ದಿನ ಮಧ್ಯಾಹ್ನ. ರಾಯರು ಹಂಪಿಗೆ ಹೊರಡುವ ಹೊತ್ತಿಗೆ ನರಿ ಆಗಲೇ ಮಣೆಯ ಮೇಲಿರಲಿಲ್ಲ.

ಒಂದು ಗಳಿಗೆ ಪುರಂದರನಿಗೆ ಎದೆ ಹಗುರಾಯಿತು. ತನ್ನ ಮಜಾಕ್ಕೂ ಕಳ್ಳತನಕ್ಕೂ ಸಂಬಂಧವಿಲ್ಲ.

ಮರುಗಳಿಗೆಯೇ ಅದು ಭಾರವಾಯಿತು. ಪೂಜೆಗೆ ಪುಸ್ತಕ ಜೋಡಿಸುವವರು, ಗಂಧ ತೇಯುವವರು, ಒಂದೊಂದಕ್ಕೂ ಬೊಟ್ಟು ಇಡುವವರು ಈ ಮನೆಯಲ್ಲಿ ಒಬ್ಬರೇ.

ಅವನು ತಲೆಯೆತ್ತಿದ. ಅಡಿಗೆಮನೆಯ ಬಾಗಿಲಲ್ಲಿ ರಾಯರ ಹೆಂಡತಿ ಗೋದಾಬಾಯಿ ನಿಂತಿದ್ದರು. ಅವನು ಉಗುರಿನಿಂದ ಗಂಧ ಕೆರೆದದ್ದನ್ನು ಅವರು ನೋಡಿದ್ದರು. ಅವರು ನೋಡಿದ್ದನ್ನು ಅವನೂ ನೋಡಿದ. ಗೋದಾಬಾಯಿ ಕಣ್ಣು ಕೆಳಗೆ ಹಾಕಿದರು.

ಕಾಲೇಜಿಗೆ ಸೇರಿದ ಹೊಸದರಲ್ಲಿ, ಖಾನಾವಳಿಯ ಊಟಕ್ಕೆ ಹೊಟ್ಟೆ ಕೆಟ್ಟಾಗ, ತಿಂಗಳುಗಟ್ಟಲೆ ಅನ್ನ ಸಾರು ಹಾಕಿದ ಕಾಕು.

ಪುರಂದರ ಪಡಸಾಲೆಗೆ ಮರಳಿದ. "ಕೊಟ್ರಯ್ಯನವರೇ, ಗಂಧದ ಗುರುತು ನೋಡಿದ್ರ, ಪುಸ್ತಕ ಬದಲಾದದ್ದು ಫೋನ್ ಬರೂಕಿಂತ ಮೊದಲು."

"ಗಂಧ ಬಿಡ್ರಿ ಸರ. ಗಂಧ ಯಾವಾಗ ಬೇಕಾದ್ರೂ ಹಚ್ಚಬೋದು. ಎರ್ರೆಪ್ಪಗ ಸಾಣೆಕಲ್ಲು ಎಲ್ಲೈತಿ ಗೊತ್ತಿಲ್ಲೇನು?" ಕೊಟ್ರಯ್ಯ ಕೈ ಬೀಸಿದರು. "ಕಳ್ಳತನ ಮಾಡದಿದ್ರ ಆ ಸುಳ್ಳು ಫೋನ್ ಯಾಕ ಬಂತು? ಅದನ್ನ ಹೇಳ್ರಿ. ಇಲ್ಲಾಂದ್ರ ನಾನ ಹೋಗಿ ಎರ್ರೆಪ್ಪನ ಬಾಯಾಗಿಂದ ಹೇಳಿಸ್ತೀನಿ." ಟೋಪಿ ತಲೆಗೇರಿತು.

ಹಿತ್ತಿಲಲ್ಲಿ ಆಕಳು ಮತ್ತೆ ಕೂಗಿತು. ಈ ಸಲ ಉದ್ದಕ್ಕೆ.

ಎರಡು ದಾರಿಗಳಿದ್ದವು. ಗಂಧ ತೇಯುವವರು ಯಾರೆಂದು ಬೆರಳು ತೋರಿಸಿದರೆ ಎರ್ರೆಪ್ಪ ಬಿಡುಗಡೆ, ಪುರಂದರನ ದನಿ ಕ್ಷೇಮ, ಕಾಕುವಿನ ಮಾನ ಹರಾಜು. ಇನ್ನೊಂದು ದಾರಿಯಲ್ಲಿ ಹರಾಜಾಗುವುದು ಅವನದೇ. ಊರಲ್ಲಿ ಹಬ್ಬಿದರೆ ಕಾಲೇಜಿನ ಹುಡುಗರು ಹಾಜರಿಯನ್ನೂ ಫ್ರೆಂಚಿನಲ್ಲಿ ಹೇಳುತ್ತಾರೆ. ಪತ್ತೇದಾರ ಹಿಡಿದ ದಾರ ತನ್ನ ಜನಿವಾರಕ್ಕೇ ಗಂಟು ಬಿದ್ದಿತ್ತು.

ಕೊಟ್ರಯ್ಯ ಎದ್ದು ನಿಂತರು. ಪುರಂದರ ಬಾಯಿ ತೆರೆದ.

"ಅಲ್ಲೋ, ಮುಸ್ಯೂ ತಿಖುಮಲಖಾವ್? ಝೆ ಸುಯಿ ಪೊತಾಜ್. ಪ್ಯಾಖಿಸ್ ಇಂದ ಬಂದಿದ್ದೇನ್."

ಮೂಗು, ಗಂಟಲು, ಎಳೆತ, ಎಲ್ಲ ಅದೇ. ಪೆಂಡಾಲಿನಲ್ಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಯಾರೂ ನಗಲಿಲ್ಲ. ಪುರಂದರ ಜೀವನದಲ್ಲಿ ಮಾಡಿದ ಅತ್ಯುತ್ತಮ ಅನುಕರಣೆ ಅದು, ಮತ್ತು ಅದನ್ನು ಮಾಡುವಾಗ ಅವನಿಗೆ ನೆಲ ಬಾಯಿ ತೆರೆದರೆ ಸಾಕು ಎನ್ನಿಸಿತು.

"ಫೋನ್ ಮಾಡಿದಾಂವ ನಾನು," ಸ್ವಂತ ದನಿಯಲ್ಲಿ ಹೇಳಿದ. "ಕಾಕಾಗ ಚೇಷ್ಟೆ ಮಾಡಾಕ. ಎರ್ರೆಪ್ಪಗ ಇದರ ಗಂಧಗಾಳಿ ಇಲ್ಲ. ನಿನ್ನೇನ ಹೇಳಬೇಕಿತ್ತು. ನಾಚಿಕಿ ಬಂತು, ಹೇಳಲಿಲ್ಲ. ಒಬ್ಬ ಮನುಷ್ಯ ಠಾಣ್ಯಾಗ ಕೂತಿದ್ರೂ ಹೇಳಲಿಲ್ಲ."

ಕೊಟ್ರಯ್ಯ ಟೋಪಿ ಮತ್ತೆ ತೆಗೆದರು. "ಸರ" ಎನ್ನುವುದು ಅವರ ಬಾಯಿಂದ ಬಿದ್ದುಹೋಯಿತು.

"ಮುಂಜಾನಿಂದ ನನ್ನ ಎದುರಿಗೆ ಕುಂತು ತಲಿ ಅಳ್ಳಾಡಿಸಿದ್ರಲ್ಲ. ಹೌದೌದು ಅಂದ್ರಿ. ನಿಮಗ ಏನನಿಸ್ಲಿಲ್ಲೇನು?"

"ಅನಿಸ್ತು."

"ಏನಂತ?"

ಪುರಂದರ ರಾಯರ ಕಡೆ ನೋಡುವ ಧೈರ್ಯವಿಲ್ಲದೆ ಅವರ ಕೈಗಳನ್ನು ನೋಡಿದ. ಕೈಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿದ್ದವು. ಎಡಗೈ ಮಣಿಕಟ್ಟಿನಲ್ಲಿ ಒಂದು ಬಿಳಿ ಪಟ್ಟಿ. ಮಾವ ಮದುವೆಯಲ್ಲಿ ಕಟ್ಟಿದ, ಸ್ನಾನಕ್ಕೆ ಬಿಟ್ಟರೆ ಬಿಚ್ಚದ ಬಂಗಾರದ ಗಡಿಯಾರ ಅಲ್ಲಿರಲಿಲ್ಲ. ಅದು ಯಾಕೆ ಎಂದು ಕೇಳುವ ಹೊತ್ತಲ್ಲ ಅದು.

"ಫೋನಿಂದು ತಿಳೀತು," ಕೊಟ್ರಯ್ಯ ಹೇಳಿದರು. "ನಿಮ್ಮ ಮ್ಯಾಲ ಏನ್ ಕೇಸ್ ಹಾಕಬೇಕಂತ ವಕೀಲರನ್ನ ಕೇಳ್ತೀನಿ. ಆದ್ರ ಪುಸ್ತಕ? ಅದು ಹೋಗಿದ್ದು ಖರೇ ಹೌದಲ್ಲ? ಎರ್ರೆಪ್ಪನ್ನ ಹೆಂಗ ಬಿಡ್ಲಿ?"

"ಬಿಡ್ರಿ ಅವನ್ನ," ಎಂದಿತು ಅಡಿಗೆಮನೆಯ ಬಾಗಿಲು.

ಗೋದಾಬಾಯಿ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ನಿಂತರು. ಪೊಲೀಸರ ಎದುರು ಅವರು ಹೊರಗೆ ಬಂದದ್ದು ಅದೇ ಮೊದಲು.

"ಪುಸ್ತಕ ತೆಗೆದಾಕಿ ನಾನು. ಆ ಹುಡುಗ ತನ್ನ ತಪ್ಪು ಒಪ್ಕೊಂಡ. ಗಂಧ ನೋಡಿ ನನ್ನ ತಪ್ಪು ತಿಳಿದ್ರೂ ಬಾಯಿ ಬಿಡಲಿಲ್ಲ. ಇನ್ನ ನಾ ಸುಮ್ಮನಿದ್ರ ದೇವರು ಮೆಚ್ಚೂದಿಲ್ಲ."

"ಗೋದಾ," ರಾಯರು ಕುರ್ಚಿಯಲ್ಲಿ ಮುಂದೆ ಬಗ್ಗಿದರು. "ಯಾಕ?"

"ಯಾಕ ಅಂದ್ರ? ಇವನ ಹೇಳಿದ್ದ." ಸೆರಗಿನ ತುದಿ ಪುರಂದರನ ಕಡೆ ತಿರುಗಿತು. "ಹಬ್ಬಕ್ಕಿಂತ ಮೊದಲ, ಒಮ್ಮೆ ಚಕ್ಕುಲಿ ತಿನ್ಕೋತ ಹೇಳಿದ್ದ. ಕಾಕು, ಈ ಪುಸ್ತಕದ ಹೊದಿಕಿ ಮೆತ್ತಗ ಅದ ನೋಡ್ರಿ, ಇದು ಕರುವಿನ ಚರ್ಮ, ಫ್ರಾನ್ಸಿನೊಳಗ ಹಿಂಗ ಹೊದಸ್ತಾರ ಅಂತ. ಅವತ್ತಿಂದ ನನಗ ಊಟ ಸೇರಲಿಲ್ಲ. ಎಷ್ಟು ವರ್ಷದಿಂದ ನಾನ ಅದಕ್ಕ ಗಂಧ ಹಚ್ಚೀನಿ, ನಾನ ಆರತಿ ಎತ್ತೀನಿ. ಸಾಲಿಗ್ರಾಮದ ಮುಂದ ಕರುವಿನ ಚರ್ಮ."

ಪುರಂದರನಿಗೆ ನೆನಪಾಯಿತು. ಜಾಣತನ ತೋರಿಸಲು ಆಡಿದ ಮಾತು. ಆಡಿದ್ದು ಮರೆತಿದ್ದ. ಕೇಳಿದವರು ಮರೆತಿರಲಿಲ್ಲ.

"ಇವರಿಗೆ ಹೇಳಿದ್ರ ಎದಿ ಒಡಕೋತಾರ," ಗೋದಾಬಾಯಿ ಮುಂದುವರಿಸಿದರು. "ಅದಕ್ಕ ಆವಾಹನೆ ದಿನ ಬೆಳಗಾಗೂದರೊಳಗ ಅದನ್ನ ಹಳೇ ಪಂಚೆಯೊಳಗ ಸುತ್ತಿ ಕಟ್ಟಿಗಿ ಮನಿಯೊಳಗ ಇಟ್ಟೆ. ಆಕಳ ಕೊಟ್ಟಿಗ್ಯಾಗ ಇಡಾಕ ಮನಸ್ಸು ಬರಲಿಲ್ಲ, ಆಕಿ ಮುಂದ ಹೆಂಗ ಇಡ್ಲಿ? ಅಷ್ಟ ದಪ್ಪನೆದು ಅಂತ ಕಾನೂನು ಪುಸ್ತಕ ಜೋಡಿಸಿದೆ. ವಿಸರ್ಜನೆ ಆದ ಮ್ಯಾಲೆ ತಂದಿಡೂದು ಅಂತಿದ್ದೆ. ನಿನ್ನೆ ಮಧ್ಯಾಹ್ನ ಹೋಗಿ ನೋಡಿದ್ರ ಪಂಚೆ ಅದ, ಪುಸ್ತಕ ಇಲ್ಲ."

"ಮತ್ತ ಎರ್ರೆಪ್ಪನ್ನ ಒಯ್ಯೂಮುಂದ ಹೇಳಬೇಕಿಲ್ಲೇನ್ರಿ ಅಮ್ಮಾರ?" ಎಂದರು ಕೊಟ್ರಯ್ಯ.

"ಬಾಯಿ ಬರಲಿಲ್ಲಪ್ಪ," ಎಂದರು ಗೋದಾಬಾಯಿ. ಅಷ್ಟು ದೊಡ್ಡ ಮನೆಯ ಯಜಮಾನಿತಿ, ಮಾತು ಮುಗಿಯುವ ಹೊತ್ತಿಗೆ ಕಂಬದ ಹಿಂದಿದ್ದರು.

ಕೊಟ್ರಯ್ಯ ಹೋಗಿ ಫೋನ್ ಎತ್ತಿದರು. ಠಾಣೆಗೆ ಹೇಳಿದ ಮಾತು ಚಿಕ್ಕದು. ಠಾಣೆಯೂ ದೂರವಿರಲಿಲ್ಲ. ಎರ್ರೆಪ್ಪ ಬರುವವರೆಗೆ ಪಡಸಾಲೆಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎರ್ರೆಪ್ಪ ಬಂದ. ಪಾಪಿನಾಯಕನಹಳ್ಳಿಯ ಮನುಷ್ಯ, ರಾಯರ ಮನೆಯಲ್ಲೇ ಕೂದಲು ನೆರೆಸಿದವನು. ಮೆಟ್ಟಿಲ ಕೆಳಗೇ ನಿಂತ.

"ಕಟ್ಟಿಗಿ ಮನ್ಯಾಗ ಪುಸ್ತಕ ಇದ್ದದ್ದು ನಿನಗ ಗೊತ್ತಿತ್ತೇನು?" ಕೊಟ್ರಯ್ಯ ಕೇಳಿದರು.

"ಗೊತ್ತಿತ್ರಿ. ಅಮ್ಮಾರು ಗಂಟು ತಂದಿಟ್ಟಿದ್ದು ನೋಡಿದ್ದೆ."

"ಮತ್ತ ಯಾಕ ಹೇಳಲಿಲ್ಲಲೇ? ಹೇಳಿದ್ರ ನಿನ್ನೆ ರಾತ್ರೀನ ಬಿಡ್ತಿದ್ದೆ."

"ಠಾಣ್ಯಾಗ ಅಮ್ಮಾರ ಹೆಸರು ಯಾಕ್ರಿ ಸಾಹೇಬ್ರ," ಎಂದ ಎರ್ರೆಪ್ಪ. "ಹಬ್ಬದಾಗ." ಆಕಳು ಅವನ ದನಿ ಗುರುತಿಸಿ ಕೂಗಿತು. ಅವನು ಅಪ್ಪಣೆಗೂ ಕಾಯದೆ ಮನೆ ಸುತ್ತಿಕೊಂಡು ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಅಂಬಾ ಎನ್ನುವುದು ನಿಂತಿತು. ಬಕೆಟ್ಟಿನ ತಳಕ್ಕೆ ಹಾಲು ಬಡಿಯುವ ಸದ್ದು ಕೇಳಿಸಿತು.

ಆ ಸದ್ದು ಕೇಳುತ್ತ ಪಡಸಾಲೆಯ ಮೂವರು ಓದಿದ ಜನ ತಲೆ ತಗ್ಗಿಸಿದರು. ಕೊಟ್ರಯ್ಯ ಮೂವರು ಎಂದೇ ಎಣಿಸಿರಬೇಕು, ಯಾಕೆಂದರೆ ಅವರು ರಾಯರನ್ನು ಕೇಳಿದರು: "ವಕೀಲ್ರ, ಇವರಿಬ್ಬರು ಸರಿ. ನೀವ್ಯಾಕ ತಲಿ ಕೆಳಗ ಹಾಕೀರಿ? ನೀವೇನ್ ಮಾಡೀರಿ?"

ರಾಯರ ಭುಜ ಅಲುಗಿತು. ಅಳುತ್ತಿದ್ದಾರೆಂದು ಪುರಂದರ ಗಾಬರಿಯಾದ. ಅವರು ಅಳುತ್ತಿರಲಿಲ್ಲ. ಒಳಗೊಳಗೇ ಅದುಮಿಟ್ಟ ನಗೆ ಮೂಗಿನಿಂದ ಹೊರಬಿತ್ತು.

"ನನ್ನದೂ ಒಂದ ಅದ, ತಡೀರಿ," ಎಂದವರು ಎದ್ದು ಆಫೀಸು ಕೋಣೆಗೆ ಹೋದರು. ಕಬ್ಬಿಣದ ಬೀರು ಕಿರುಗುಟ್ಟಿತು. ಹೊರಗೆ ಬಂದಾಗ ಕೈಯಲ್ಲೊಂದು ಪೇಪರಿನ ಪೊಟ್ಟಣ. ಮೇಜಿನ ಮೇಲಿಟ್ಟು ಬಿಚ್ಚಿದರು.

ಬಂಗಾರದ ಅಂಚು. ಮೆತ್ತನೆಯ ಕಂದು ಹೊದಿಕೆ. ಗೋದಾಬಾಯಿ ಒಂದು ಹೆಜ್ಜೆ ಹಿಂದೆ ಸರಿದರು.

"ನರಿ," ಎಂದ ಪುರಂದರ.

"ನರೀನ. ಹಂಪಿಯೊಳಗ ತಗೊಂಡೆ."

"ಹಂಪಿಯೊಳಗ?"

"ಹೂಂ. ಫೋನ್ ಬಂದ ದಿನ. ಅಲ್ಲಿ ಯಾರೂ ಇರಲಿಲ್ಲ ಅಂತ ಕೊಟ್ರಯ್ಯಗ ಹೇಳಿದ್ದು ಸುಳ್ಳು." ರಾಯರು ನಗೆ ನುಂಗಲು ಒದ್ದಾಡಿದರು. "ಪುರಂದರ ಮಂಟಪದಾಗ ಮುಸ್ಯೂ ಕೂತಿದ್ದ. ಪುಸ್ತಕ ತೋರಿಸಿದ. ನನ್ನ ಪುಸ್ತಕದ ಖಾಸ ಅಣ್ಣತಮ್ಮ ಇದ್ದಂಗ ಇತ್ತು. ಮನಿಗೆ ಬಂದು ಪಕ್ಕ ಇಟ್ಟು ನೋಡಬೇಕಂದ್ರ ನನ್ನದು ಪೂಜಿಗೆ ಕೂತದ, ಮುಟ್ಟಂಗಿಲ್ಲ. ಬಿಟ್ರ ಹೋಗ್ತಾನ. ಕಿಸೆದಾಗ ಇದ್ದದ್ದೆಲ್ಲ ಕೊಟ್ಟೆ. ಸಾಲಲಿಲ್ಲ." ಎಡಗೈ ಎತ್ತಿ ಬಿಳಿ ಪಟ್ಟಿ ತೋರಿಸಿದರು. "ಗೋದಾ, ನಿಮ್ಮಪ್ಪ ಕೊಟ್ಟ ಗಡಿಯಾರ ರಿಪೇರಿಗೆ ಕೊಟ್ಟೀನಿ ಅಂದಿದ್ದೆಲ್ಲ. ಕೊಟ್ಟದ್ದು ಖರೆ, ರಿಪೇರಿಗಲ್ಲ. ನಿನ್ನ ಮುಂದ ಹೆಂಗ ಹೇಳಲಿ ಅಂತ ಕೊಟ್ರಯ್ಯನ ಮುಂದ ಸುಳ್ಳು ಹೇಳಿದೆ."

ಗೋದಾಬಾಯಿ ಕಂಬ ಬಿಟ್ಟು ಮುಂದೆ ಬಂದರು.

"ನಿನ್ನೆ ನೀವೆಲ್ಲ ಹೋದ ಮ್ಯಾಲೆ ಬಿಚ್ಚಿ ನೋಡಿದೆ." ರಾಯರು ಹಾಳೆ ತಿರುವಿದರು. ಕೆಳಗೆ ನಿಂತ ನರಿಯ ಬಾಲದ ಮೇಲೆ ಒಂದು ದುಂಡನೆಯ ಕಂದು ಕಲೆ. "ಇದು ನಾನ ಕಾಫಿ ಲೋಟ ಇಟ್ಟು ಮಾಡಿದ್ದು. ಗೊತ್ತಾತೇನು? ನನ್ನ ಪುಸ್ತಕ ನಾನ ಕೊಂಡೀನಿ. ಊರ ಜನರ ವ್ಯಾಜ್ಯ ಬಗೆಹರಿಸೂ ವಕೀಲ. ಹೇಳಿದ್ರ ಕೋರ್ಟಿಗೆ ಹೆಂಗ ಹೋಗ್ಲಿ? ಎರ್ರೆಪ್ಪ ಕಳ್ಳ ಅಲ್ಲಂತ ನಿನ್ನೆ ರಾತ್ರೀನ ಗೊತ್ತಿತ್ತು ನನಗ. ಗೊತ್ತಿದ್ದೂ ಹೊದ್ದು ಮಲಗಿದೆ."

ನಗೆ ಒಂದು ಗಳಿಗೆ ನಿಂತಿತು. ಹಿತ್ತಿಲಿನಲ್ಲಿ ಹಾಲು ಬೀಳುವ ಸದ್ದು ಮಾತ್ರ.

"ಕಾಕಾ, ಕೊಳ್ಳೂಮುಂದ ಈ ಕಲೆ ಕಾಣಲಿಲ್ಲೇನ್ರಿ?" ಪುರಂದರನ ದನಿಯಲ್ಲಿ ಪತ್ತೇದಾರ ಮೆಲ್ಲಗೆ ಮರಳುತ್ತಿದ್ದ.

"ನನ್ನ ಕೈಯಾಗ ಕೊಡಲಿಲ್ಲ. ಕೈಗವಸು ಹಾಕ್ಕೊಂಡು ತಾನ ಹಾಳಿ ತಿರುವಿದ. ಈ ಜಾಗಕ್ಕ ಬಂದಾಗ ಎರಡು ಹಾಳಿ ಒಮ್ಮೆಲೆ ತಿರುವಿದ್ನೋ ಏನೋ. ಹಳೇ ಪುಸ್ತಕ, ಅಂಟಿರಬೇಕು ಅಂದ್ಕೊಂಡೆ."

"ಕಲೆ ಎಲ್ಲದ ಅಂತ ಗೊತ್ತಿದ್ದಾಂವ," ಎಂದ ಪುರಂದರ. "ಅಂದ್ರ ಈ ಮನಿಯೊಳಗ ಪುಸ್ತಕ ನೋಡಿದಾಂವ. ನೋಡಾಕ ಹೆಂಗಿದ್ದ?"

"ದೊಡ್ಡ ಟೋಪಿ, ಕರಿ ಕನ್ನಡಕ, ಕೆಂಪು ಗಡ್ಡ. ಮಾತು ಕಡಿಮಿ. ಹೆಸರು ಮಾತ್ರ ನೀ ಹೇಳಿದ್ದ ಹೇಳಿದ."

"ಏನಂತ?"

"ಮುಸ್ಯೂ ಪೊತಾಜ್."

ಪುರಂದರ ಪುಸ್ತಕದಿಂದ ತಲೆಯೆತ್ತಿದ.

"ಕಾಕಾ, ಅಂಥ ಮನುಷ್ಯ ಇರಾಕ ಸಾಧ್ಯ ಇಲ್ಲ. ಆ ಹೆಸರು ನಾ ಕಾಲೇಜಿನ ಡಿಕ್ಷನರಿಯೊಳಗಿಂದ ಎತ್ತಿದ್ದು. ಹೆಸರ ಅಲ್ಲ ಅದು. ಫ್ರೆಂಚಿನೊಳಗ ಪೊತಾಜ್ ಅಂದ್ರ ಸಾರು."

"ಸಾರು?"

"ಊಟಕ್ಕ ಹಾಕ್ಕೊಳ್ಳೂ ಸಾರು."

ರಾಯರು ಅವನನ್ನು ನೋಡಿದರು, ಬರಿಗೈ ಮಣಿಕಟ್ಟನ್ನು ನೋಡಿಕೊಂಡರು, ಹೆಂಡತಿಯನ್ನು ನೋಡಿದರು. "ಗೋದಾ," ಎಂದರು, "ಏಕಾದಶಿ ಮುಂದ ಇಟ್ಕೊಂಡು ನಾ ಸಾರಿಗೆ ಬಂಗಾರದ ಗಡಿಯಾರ ಕೊಟ್ಟು ಬಂದೀನಿ." ಗೋದಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡರು, ಸೆರಗು ಸಾಕಾಗಲಿಲ್ಲ. ಕಾಫಿ ಸಿಗದ ಕೊಟ್ರಯ್ಯನವರಿಗೂ ಸಾರಿನ ಹೆಸರು ಕೇಳಿ ಹೊಟ್ಟೆ ಕುಣಿಯಿತು.

ಪುರಂದರ ನಗಲಿಲ್ಲ. ಅವನ ಕಣ್ಣ ಮುಂದೆ ದಲಾಲಿ ಅಂಗಡಿಯ ಆ ಮಧ್ಯಾಹ್ನವಿತ್ತು. ಬಾಗಿಲು ಮುಚ್ಚಿದ ಕೋಣೆ, ಮಂಡಕ್ಕಿಯ ತಟ್ಟೆ, ಫೋನು. ಆ ಹೆಸರು ಅವನ ಬಾಯಿಂದ ಹೊರಟಾಗ ಅಲ್ಲಿ ಕೇಳಿಸಿಕೊಂಡವನು ಗವಿಸಿದ್ದಪ್ಪ ಒಬ್ಬನೇ, ಆ ಬೆಳಿಗ್ಗೆ ಆಕಳ ತೌಡು ಇಳಿಸಲು ರಾಯರ ಕಟ್ಟಿಗೆ ಮನೆಗೆ ಹೋಗಿ ಬಂದಿದ್ದವನೂ ಅವನೇ. ಆದರೆ ಅವನಿಗೆ ಬೇಕಾದದ್ದೇ ಈ ಪುಸ್ತಕ. ಕೈಗೆ ಬಂದ ನರಿಯನ್ನು ಅವನು ಮರಳಿ ರಾಯರಿಗೇ ಯಾಕೆ ಮಾರಬೇಕು? ಕದ್ದ ನರಿಯನ್ನು ರೇಡಿಯೋಗ್ರಾಂ ಪಕ್ಕ ಇಡುವಂತಿಲ್ಲ, ಅದಕ್ಕೇ ಇರಬೇಕು.

ಗೇಟಿನ ಬಳಿ ಜೀಪು ನಿಂತ ಸದ್ದಾಯಿತು.

"ಬನ್ನಿ ತಗೋರಿ ವಕೀಲ್ರ, ಬಂಗಾರದಂಗ ಇರೂಣು," ಎನ್ನುತ್ತ ಗವಿಸಿದ್ದಪ್ಪ ಮೆಟ್ಟಿಲೇರಿ ಬಂದ. ಒಂದು ಕೈಯಲ್ಲಿ ಬನ್ನಿ ಎಲೆ. ಚಳಿಗಾಲದಲ್ಲೂ ಅಂಗಿಯ ತೋಳನ್ನು ಮೊಣಕೈ ಮೇಲೆ ಮಡಚುವ ಮನುಷ್ಯ, ಇವತ್ತು ಎರಡೂ ತೋಳನ್ನು ಮಣಿಕಟ್ಟಿನವರೆಗೆ ಇಳಿಸಿ ಗುಂಡಿ ಹಾಕಿದ್ದ. ಮೇಜಿನ ಮೇಲೆ ತೆರೆದು ಬಿದ್ದ ನರಿಯನ್ನು ಕಂಡು ಅವನ ಹೆಜ್ಜೆ ನಿಂತಿತು. "ಏನ್ರಿ, ಎಲ್ಲರೂ ಇಷ್ಟು ನಗಾಕತ್ತೀರಿ?"

ಪುರಂದರ ಆ ಗುಂಡಿಯಿಂದ ಕಣ್ಣು ಕೀಳದೆ ಹೇಳಿದ. "ಸಾರಿನ ವಿಷಯ, ಗವಿಸಿದ್ದಪ್ಪ."

ಗವಿಸಿದ್ದಪ್ಪ ನಗಲು ನೋಡಿದ. ಬನ್ನಿ ಎಲೆ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಎಡಗೈಯನ್ನು ಬೆನ್ನ ಹಿಂದೆಯೇ ಇಟ್ಟುಕೊಂಡ, ತೋಳಿನ ಸಂದಿಯಲ್ಲಿ ಬಂಗಾರ ಒಮ್ಮೆ ಮಿನುಗಿತು. ಇದಾವುದನ್ನೂ ನೋಡದ ತಿರುಮಲರಾಯರು ಮಾತ್ರ ಕುರ್ಚಿಯಲ್ಲಿ ಒರಗಿ, ಕಣ್ಣೊರೆಸಿಕೊಳ್ಳುತ್ತ, ಹಿತ್ತಿಲಿನ ಎರ್ರೆಪ್ಪ ಹಾಲು ಕರೆಯುವುದನ್ನು ನಿಲ್ಲಿಸಿ ಕಿವಿಗೊಡುವಷ್ಟು, ಎಲ್ಲರಿಗಿಂತ ಗಟ್ಟಿಯಾಗಿ ನಗುತ್ತಿದ್ದರು.